ಮಂಗಲವಾಗದ ಕಾದಂಬರಿ

ನಮ್ಮ ಕಾಕಾನಷ್ಟು ಶ್ರದ್ಧೆಯಿಂದ ಕಾದಂಬರಿ ಓದಿದವರು ಇಡೀ ದಾಳಿಂಬ ಊರಿನಲ್ಲಿ ಇನ್ನೊಬ್ಬರಿಲ್ಲ ಎಂದು ನಾನು ಎಲ್ಲಿ ಬೇಕಾದರೂ ಎದೆ ತಟ್ಟಿ ಹೇಳುತ್ತೇನೆ. ಎಷ್ಟು ಕಾದಂಬರಿ ಓದಿದ್ದಾರೆ ಎಂದು ಮಾತ್ರ ಕೇಳಬೇಡಿ. ಒಂದೇ ಒಂದು! ಅದಕ್ಕೆ ಹಿಡಿದದ್ದು ನಾಲ್ಕು ವರ್ಷ!

ಕಾಕಾ ನನ್ನ ಅಪ್ಪನ ತಮ್ಮ. ಮಕ್ಕಳಿಲ್ಲದ ಕಾಕಾ-ಕಾಕಿಯ ಮನೆಯಲ್ಲೇ ನಾನು ಬೆಳೆದದ್ದು. ನಾನು ಚಿಕ್ಕವನಿದ್ದಾಗ ಆದ ಭೂಕಂಪದಲ್ಲಿ ನಮ್ಮ ಕಲ್ಲುಮಣ್ಣಿನ ಮನೆ ಬಿತ್ತು, ನಾವು ಮೂವರೂ ಉಳಿದೆವು. ಮುಂದೆ ಅದೇ ಜಾಗದಲ್ಲಿ ಸ್ಲ್ಯಾಬಿನ ಮನೆ ಎದ್ದಿತು. ಕಾಕಿ ಹಾಲುಕ್ಕಿಸಿ ಒಳಗೆ ಹೋದರು. ಕಾಕಾ ಮಾತ್ರ ಅಂಗಳದ ತಗಡಿನ ಶೆಡ್ಡು ಬಿಟ್ಟು ಕದಲಲಿಲ್ಲ.

"ತಗಡ ಬಿದ್ರ ತಲಿಗಿ ಬುಗುಟಿ ಬರ್ತದ. ಸ್ಲ್ಯಾಬ್ ಬಿದ್ರ ಬುಗುಟಿ ಬರ್ಲಿಕ್ಕೆ ತಲೀನ ಇರೂದಿಲ್ಲ!" ಎನ್ನುತ್ತಿದ್ದರು.

ಚಹಾ ಕಿಟಕಿಯಿಂದ, ರೊಟ್ಟಿ ಕಿಟಕಿಯಿಂದ, ಕಾಕಿಯ ಬೈಗುಳವೂ ಕಿಟಕಿಯಿಂದಲೇ. ಉಮರ್ಗಾದಲ್ಲಿ ಕ್ಷೌರ ಮಾಡಿಸಬೇಕಾದರೆ ಅಂಗಡಿಯವನು ಕುರ್ಚಿಯನ್ನು ರಸ್ತೆಗೆ ತರಬೇಕು. ಒಮ್ಮೆ ನಿಲಂಗಾದ ಕೋರ್ಟಿಗೆ ಸಾಕ್ಷಿ ಹೇಳಲು ಹೋದವರು ಅಂಗಳದಲ್ಲೇ ನಿಂತು, "ಹೌದ್ರೀ ಸಾಹೇಬ್ರ, ನಾ ಕಣ್ಣಾರೆ ನೋಡೀನ್ರೀ!" ಎಂದು ಕೂಗಿದರಂತೆ. ಒಳಗೆ ಆಗ ಬೇರೆಯವರ ಕೇಸು ನಡೆದಿತ್ತು.

ಹೀಗೇ ವರ್ಷಗಳು ಕಳೆದವು. ಕಾಕಿ ಅತ್ತರು, ಉಪವಾಸ ಕೂತರು. "ಗಂಡ ಅಂಗಳದಾಗ, ನಾ ಒಳಗ. ಇದೇನ್ ಸಂಸಾರ ಅನ್ಬೇಕೋ, ಬಾಜೂಮನಿ ಅನ್ಬೇಕೋ?" ಎಂದರು. ಅದು ಕಾಕಾಗೆ ಚುಚ್ಚಿರಬೇಕು. ಕೈಯಲ್ಲಿದ್ದ ಪುಸ್ತಕದ ಮೇಲೆ ಆಣೆಯಿಟ್ಟರು. "ಇದರ ಮಂಗಲ ಆದ ದಿನ ಒಳಗ ಬರ್ತೀನಿ."

ನಮ್ಮ ಮನೆಗಳಲ್ಲಿ ಪುರಾಣ ಓದಿ ಮುಗಿಸಿದ ದಿನ ಕಾಯಿ ಒಡೆದು, ಆರತಿ ಎತ್ತಿ, ಹುಗ್ಗಿ ಉಂಡು ಮಂಗಲ ಮಾಡುವುದು ರೂಢಿ. ಆದರೆ ಆ ಪುಸ್ತಕ ಪುರಾಣವೇ? ಉದಗೀರಿನ ಕೋಟೆಯ ಮೇಲೆ ಯಾರೋ ಬರೆದ ಐತಿಹಾಸಿಕ ಕಾದಂಬರಿ. ಯಾರು ಎಂದು ನಾನು ಹೇಳಲಾರೆ, ಹೆಸರಿನ ಪುಟ ಇಲಿಯ ಪಾಲಾಗಿತ್ತು!

ಐತವಾರಕ್ಕೊಮ್ಮೆ ಪಾರಾಯಣ. ಕೇಳುವವರು ಕಾಕಿ, ಬಸವಕಲ್ಯಾಣದ ಕಡೆಯಿಂದ ಬಂದು ನೆಲೆಸಿದ ಟೇಲರ್ ಮಾಮಾ, ಪಕ್ಕದ ಮನೆಯ ಮರಾಠಿ ವಹಿನಿ, ಮತ್ತು ನಿಲಂಗಾದಲ್ಲಿ ಕಾಲೇಜು ಕಲಿಯುತ್ತ ವಾರಕ್ಕೊಮ್ಮೆ ಊರಿಗೆ ಬರುವ ನಾನು. ಕಾಕಾ ಒಂದು ವಾಕ್ಯ ಓದುವರು, ವಹಿನಿಗಾಗಿ ಮರಾಠಿಯಲ್ಲಿ ಹೇಳುವರು, ಆಮೇಲೆ ತೊಗರಿಗೆ ಬಿದ್ದ ಹುಳದ ಮಾತಿಗೆ ಇಳಿಯುವರು. ಕಾದಂಬರಿಯ ನಾಯಕ, ಕೋಟೆ ಕಾಯುವ ಕಿಲ್ಲೇದಾರ, ಯುಗಾದಿಗೆ ಕುದುರೆ ಹತ್ತಿದವನು ಇಳಿದದ್ದು ನಾಗರಪಂಚಮಿಗೆ!

ಅಂತೂ ಕೊನೆಯ ಪುಟ ಬಂತು. ಕಾಕಿ ಬೆಳಗ್ಗೆಯೇ ಹುಗ್ಗಿಗೆ ಇಟ್ಟರು. ಕಾಕಾ ಗಂಟಲು ಸರಿಮಾಡಿಕೊಂಡು ಓದಿದರು: ಕಿಲ್ಲೇದಾರ ಕೋಟೆಯ ಕೀಲಿಯನ್ನು ವೈರಿಗೆ ಒಪ್ಪಿಸಿದ. ಒಬ್ಬನೇ ಹೊರಗೆ ನಡೆದ. ಹಿಂದೆ ಬಾಗಿಲು ಮುಚ್ಚಿತು. ಸೂರ್ಯ ಮುಳುಗಿದ.

ಪುಟ ತಿರುವಿದರೆ ರಟ್ಟು!

"ಇಷ್ಟಽ ಏನ್ರೀ?" ಟೇಲರ್ ಮಾಮಾ ಹೌಹಾರಿದರು. "ನಾಲ್ಕ್ ವರ್ಷ ಕುಂಡ್ರಿಸಿ ಕಡೀಕ ಸೂರ್ಯನ್ ಮುಳುಗಿಸಿದ್ರ ಹ್ಯಾಂಗ್ರೀ? ಅಂವಾ ದಿನಾ ಮುಳುಗ್ತಾನ!"

ವಹಿನಿಯೂ ಕುತೂಹಲ ತಡೆಯದೆ, ತಮಗೆ ಬರುವ ಕನ್ನಡದಲ್ಲಿ ಕೇಳಿದರು. "ಮಗ ಏನಾತು?"

ಮರಾಠಿಯಲ್ಲಿ 'ಮಗ' ಎಂದರೆ 'ಆಮೇಲೆ'. ಪಾಪ, ಆಕೆ ಕೇಳಿದ್ದು ಆಮೇಲೆ ಏನಾಯಿತು ಎಂದು. ನಾವು ಕೇಳಿಸಿಕೊಂಡದ್ದು ಕನ್ನಡದ ಮಗ! 'ಏನಾದ' ಎನ್ನುವಲ್ಲಿ 'ಏನಾತು' ಅಂದಿದ್ದಾರೆ, ಮರಾಠಿಯವರು, ಇರಲಿ ಎಂದುಕೊಂಡೆವು.

ಕಾಕಾ ಗಕ್ಕನೆ ನಿಂತರು. "ಹೌದಲ್ಲ! ಮಗ ಎಲ್ಲಿ?"

ಸರಸರ ಪುಟ ಹಿಂದಕ್ಕೆ ಹೋದವು. ಇದ್ದ! ಕಿಲ್ಲೇದಾರನ ಪುಟ್ಟ ಮಗ, ಒಳಕೋಣೆಯಲ್ಲಿ ಮಲಗಿದ್ದ. ಬರೆದವರು ಅವನನ್ನು ಎಬ್ಬಿಸುವುದನ್ನೇ ಮರೆತಿದ್ದರು.

"ದಾಸಿ ಎತ್ಕೊಂಡ್ ಹೋಗಿರ್ತಾಳ್ ಬಿಡ್ರಿ," ಎಂದರು ಮಾಮಾ.

"ಅಯ್ಯ, ಮಗ ಮ್ಹಣಜೇ ನಂತರ ಹೋ!" ಎಂದು ವಹಿನಿ ಕೈ ಕೈ ಹಿಸುಕಿಕೊಂಡರು.

"ಹುಗ್ಗಿ ಆರ್ಲಿಕತ್ತದ, ಮಂಗಲ ಮಾಡ್ರಿ!" ಎಂದರು ಕಾಕಿ, ಅಳು ಬಾಯಿಗೆ ಬಂದಿತ್ತು.

"ಏನ್ ಮಂಗಲ?" ಕಾಕಾ ಪುಸ್ತಕ ಮುಚ್ಚಿದರು. "ಅಪ್ಪ ಹೊರಗ ಬಂದಾನ. ಕೂಸು ಒಳಗದ. ಇದಕ್ಕ ಆರತಿ ಎತ್ತೂದೇನು?"

ನಾಲ್ಕು ವರ್ಷದ ನಗೆಯೆಲ್ಲ ಅಲ್ಲೇ ನಿಂತಿತು. ಕಾಕಾ ನನ್ನತ್ತ ನೋಡದೆ, ನೆಲಕ್ಕೆ ಹೇಳುವಂತೆ ಹೇಳಿದರು.

"ಅವತ್ತ ಭೂಮಿ ಅಳ್ಳಾಡಿದಾಗ ನೀ ಆರು ವರ್ಷದಾಂವ. ನನ್ ಮಗ್ಗಲಿಗೇ ಮಲಗಿದ್ದಿ. ಕತ್ತಲದಾಗ ನಿನ್ನ ಬಾಚಿ ಎತ್ಕೊಂಡ್ ಓಡ್ದೆ. ಹೊರಗ ಬಂದು ನೋಡ್ತೀನಿ, ಕೈಯಾಗ ಬರೇ ನೀ ಹೊದ್ದ ಕೌದಿ. ತಿರಗಿ ಒಳಗ ಹೋಗ್ಬೇಕಂದ್ರ ಕಾಲ್ ಏಳಲಿಲ್ಲೋ ಅಪ್ಪಾ. ಈಕಿ ಹೋದ್ಳು. ಈಕೀನ ನಿನ್ನ ತಂದ್ಳು."

ಇಷ್ಟು ವರ್ಷ ಇದನ್ನು ಯಾರೂ ನನಗೆ ಹೇಳಿರಲಿಲ್ಲ. ಕಾಕಿ ಸೆರಗು ಬಾಯಿಗಿಟ್ಟುಕೊಂಡು ನಿಂತಿದ್ದರು.

"ಒಳಗ ನೀ ನನ್ನ ಕರದೇನು? ನಿಜ ಹೇಳು," ಎಂದರು ಕಾಕಾ.

ಸ್ಲ್ಯಾಬು, ಬುಗುಟಿ, ಕಿಟಕಿಯ ಚಹಾ, ಎಲ್ಲ ಈ ಒಂದು ಪ್ರಶ್ನೆಗಾಗಿ! ಅದೃಷ್ಟಕ್ಕೆ ನಾನು ಸುಳ್ಳು ಹೇಳಬೇಕಾಗಿರಲಿಲ್ಲ.

"ಇಲ್ಲ ಕಾಕಾ. ನನಗ ಗಾಢ ನಿದ್ದಿ ಹತ್ತಿತ್ತು. ಎಚ್ಚರಾದಾಗ ಬೇವಿನ ಗಿಡದ ಬುಡಕಿದ್ದೆ, ಕಾಕಿ ತೊಡೀಮ್ಯಾಲ. ಮನಿ ಬಿದ್ದದ್ದಽ ನನಗ ಗೊತ್ತಾಗ್ಲಿಲ್ರೀ."

"ಗೊತ್ತಾಗ್ಲಿಲ್ಲ?"

"ಏನೇನೂ ಗೊತ್ತಾಗ್ಲಿಲ್ಲ."

ಕಾಕಾ ಉಸಿರು ಬಿಟ್ಟರು, ಹದಿನಾಲ್ಕು ವರ್ಷ ಹಿಡಿದಿಟ್ಟದ್ದನ್ನು ಒಮ್ಮೆಗೇ ಬಿಟ್ಟಂತೆ. "ಕಾಯಿ ಒಡೀರಿ," ಎಂದರು.

ಮಂಗಲವಾಯಿತು. ಕಾಕಾ ಹೊಸ್ತಿಲು ದಾಟಿ ಒಳಗೆ ಬಂದು, ನನ್ನನ್ನು ಪಕ್ಕದಲ್ಲೇ ಕೂಡಿಸಿಕೊಂಡರು. ಹುಗ್ಗಿ ಉಣ್ಣುತ್ತಿದ್ದದ್ದು ಬಲಗೈ. ಎಡಗೈ ಊಟ ಮುಗಿಯುವ ತನಕವೂ ನನ್ನ ಅಂಗಿಯ ಚುಂಗನ್ನು ಬಿಡಲಿಲ್ಲ.