ಬಾಯಿ ಮುಚ್ಚಿಕೊಂಡು ಸೈಕಲ್ ತುಳಿದದ್ದು

ದಾರಿಯಲ್ಲಿ ಹೋಗುವಾಗ ಕೆಲವರ ಕಣ್ಣಿಗೆ ಹಕ್ಕಿ ಬೀಳುತ್ತದೆ, ಕೆಲವರ ಕಣ್ಣಿಗೆ ಹೂವು ಬೀಳುತ್ತದೆ. ನನ್ನ ಕಣ್ಣಿಗೆ ಬೀಳುವುದು ತಪ್ಪು. ಇದನ್ನು ಹೆಮ್ಮೆಯಿಂದ ಹೇಳಿಕೊಳ್ಳಬೇಕೋ ನಾಚಿಕೆಯಿಂದ ಒಪ್ಪಿಕೊಳ್ಳಬೇಕೋ ಎಂಬುದು ನನಗಿನ್ನೂ ತೀರ್ಮಾನವಾಗಿಲ್ಲ. ನಾನು ಓದಿದ ಶಾಲೆಯಲ್ಲಿ ಖಾದಿ ತೊಡುವ ಮೇಷ್ಟ್ರೊಬ್ಬರಿದ್ದರು. ಅನ್ಯಾಯ ಕಂಡಾಗ ಅದರ ಹೆಸರು ಹಿಡಿದು ಗಟ್ಟಿಯಾಗಿ ಹೇಳಬೇಕೆಂದು ಪ್ರತಿ ಸೋಮವಾರ ಪ್ರಾರ್ಥನೆ ಮುಗಿದ ಮೇಲೆ ಬೋಧಿಸುತ್ತಿದ್ದರು. ಉಳಿದ ಹುಡುಗರು ಆ ಬೋಧನೆ ಮುಗಿಯುವುದನ್ನೇ ಕಾಯುತ್ತಿದ್ದರು; ನಾನು ಬರೆದುಕೊಳ್ಳುತ್ತಿದ್ದೆ. ಅದರ ಫಲವಾಗಿ, ತಿಪಟೂರಿನ ಪ್ರೌಢಶಾಲೆಯೊಂದರಲ್ಲಿ ಸಮಾಜ ಪಾಠದ ಮೇಷ್ಟ್ರಾಗುವ ಹೊತ್ತಿಗೆ ನಾನು ಎಲ್ಲಿ ಕಾಲಿಟ್ಟರೂ ಜನ ಮೆಲ್ಲಗೆ ಜಾಗ ಖಾಲಿ ಮಾಡುವಷ್ಟು ಪ್ರಸಿದ್ಧನಾಗಿದ್ದೆ. ಒಂದು ಮದುವೆಯಲ್ಲಿ ಊಟದ ಎಲೆಯ ಮುಂದೆ ಕುಳಿತು ವರದಕ್ಷಿಣೆಯ ವಿರುದ್ಧ ಇಪ್ಪತ್ತು ನಿಮಿಷ ಮಾತನಾಡಿದೆ. ಬಡಿಸುವವರು ಪಾಯಸದ ಪಾತ್ರೆ ಹಿಡಿದುಕೊಂಡೇ ನಿಂತಿದ್ದರು. ಆ ಮೇಲೆ ನಮ್ಮ ಮನೆಗೆ ಬರುವ ಲಗ್ನಪತ್ರಿಕೆಗಳೆಲ್ಲ ನನ್ನ ಹೆಂಡತಿಯ ಹೆಸರಿಗೇ ಬರತೊಡಗಿದವು.

ನನ್ನ ಹೆಂಡತಿ ಗಿರಿಜೆ ಸರ್ಕಾರಿ ನರ್ಸು. ಮದುವೆಗೆ ಮೊದಲು ಎರಡು ವರ್ಷ ಹಂದನಕೆರೆಯ ಕಡೆ ಕೆಲಸ ಮಾಡಿದ್ದಳು. ಲೇಡೀಸ್ ಸೈಕಲ್ಲಿನ ಮುಂದೆ ಔಷಧಿಯ ಚೀಲ ನೇತುಹಾಕಿ, ಸೆರಗು ಸಿಕ್ಕಿಸಿ, ದಿನಕ್ಕೆ ಐದಾರು ಹಳ್ಳಿ ಸುತ್ತುತ್ತಿದ್ದಳು. ಮಹಿಳೆಯರು ಸೈಕಲ್ ತುಳಿಯಬೇಕೆಂದು ನಾನು ಸಂಘದ ಸಭೆಗಳಲ್ಲಿ ವಾದಿಸುತ್ತಿದ್ದ ಕಾಲಕ್ಕೆ ಅವಳು ಆಗಲೇ ಮೂರು ಜೊತೆ ಟೈರು ಸವೆಸಿದ್ದಳು. ನಾನೋ, ಮನೆಯಿಂದ ಶಾಲೆಗೆ, ಶಾಲೆಯಿಂದ ಮನೆಗೆ ತುಳಿದವನು. ಅದೂ ಎದುರುಗಾಳಿ ಇದ್ದರೆ ತಳ್ಳಿಕೊಂಡು ಹೋದವನು. ಆದರೂ ನನಗೆ ಬಹುಕಾಲದಿಂದ ಒಂದು ಆಸೆಯಿತ್ತು. ಕೊಬ್ಬರಿ ಲಾರಿಗಳು ಹಾರನ್ ಹೊಡೆಯುತ್ತ ಮೈಮೇಲೆ ಬರುವ ದೊಡ್ಡ ರಸ್ತೆಯನ್ನು ಬಿಟ್ಟು, ಗಾಡಿಜಾಡುಗಳನ್ನೇ ಹಿಡಿದು, ತೋಟ ಗುಡ್ಡಗಳ ನಡುವೆ ಸೈಕಲ್ಲಿನಲ್ಲಿ ಸುತ್ತಬೇಕು. ಹಂದನಕೆರೆ ದಾಟಿದ ಮೇಲೆ ಸಿಗುವ ಮೇಲಿನಕೋಟೆ ಎಂಬ, ಪಾಳೆಯಗಾರರ ಕಾಲದ ಬೆಟ್ಟದೂರನ್ನು ಹತ್ತಬೇಕು. ಅಲ್ಲಿಂದ ಚಿಕ್ಕನಾಯಕನಹಳ್ಳಿಯ ಕಡೆಗೆ ಇಳಿಜಾರಿನಲ್ಲಿ ಕಾಲು ಎತ್ತಿಕೊಂಡು ಇಳಿಯಬೇಕು. ಮೂರು ವರ್ಷದಿಂದ ಹೊರಡುತ್ತಲೇ ಇದ್ದೆವು. ಮೊದಲ ವರ್ಷ ಊರಾಚೆಯ ಒಂದು ಕಾಯಿ ಮಂಡಿಯಲ್ಲಿ ತೂಕದ ಕಲ್ಲು ಸರಿಯಿಲ್ಲವೆಂದು ನಾನು ತಕರಾರು ತೆಗೆದು, ಅದು ಮುಗಿಯುವಾಗ ಮಧ್ಯಾಹ್ನವಾಗಿ, ಮನೆಗೆ ವಾಪಸಾದೆವು. ಎರಡನೆಯ ವರ್ಷ ಮಂಡಿಯವರೆಗೂ ಹೋಗಲಿಲ್ಲ.

ಆದ್ದರಿಂದ ಎಂಬತ್ತೆರಡರ ಚಳಿಗಾಲದಲ್ಲಿ ನಾನು ಮತ್ತೆ ಮಾತೆತ್ತಿದಾಗ ಗಿರಿಜೆ ಒಲೆಯ ಮುಂದಿನಿಂದಲೇ ಹೇಳಿದಳು: "ಬರ್ತೀನಿ. ಆದ್ರೆ ಎರಡು ದಿನ ನೀವು ಯಾವ ತಪ್ಪನ್ನೂ ಎತ್ತಿ ಹೇಳಬಾರ್ದು."

"ಯಾವುದನ್ನೂ?"

"ಯಾವುದನ್ನೂ. ಮೂರು ಸಲ ಬಾಯಿ ಬಿಟ್ರೋ, ಅಲ್ಲಿಗೆ ಮುಗೀತು. ಸೈಕಲ್ಲನ್ನ ಬಸ್ಸಿನ ಟಾಪಿಗೆ ಹಾಕಿ ವಾಪಸ್ಸು. ಬೆಟ್ಟಾನೂ ಇಲ್ಲ, ಕೋಟೇನೂ ಇಲ್ಲ."

"ಇದು ವಾಕ್ ಸ್ವಾತಂತ್ರ್ಯದ ಹರಣ."

"ಇನ್ನೂ ಹೊರಟಿಲ್ವಲ್ಲ, ಅದಕ್ಕೆ ಇದನ್ನ ಲೆಕ್ಕಕ್ಕೆ ಹಿಡಿಯಲ್ಲ ಬುಡಿ" ಎಂದಳು.

ಮಂಜು ಇನ್ನೂ ತೆಂಗಿನ ಗರಿಗಳಿಂದ ತೊಟ್ಟಿಕ್ಕುತ್ತಿದ್ದಾಗ ನಾವು ಊರು ಬಿಟ್ಟೆವು. ದೊಡ್ಡ ರಸ್ತೆಯಿಂದ ತಿರುಗಿದ ಕೂಡಲೇ ಲೋಕವೇ ಬದಲಾಯಿತು. ಎರಡೂ ಕಡೆ ತೋಟ, ನಡುವೆ ಕೆಮ್ಮಣ್ಣಿನ ಜಾಡು, ಚೈನಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಒಂದು ಎತ್ತಿನ ಗಾಡಿ ಎದುರಾಯಿತು. ಎತ್ತುಗಳೇ ನಮಗೆ ದಾರಿ ಬಿಟ್ಟವು. ಗಿರಿಜೆ ಮುಂದೆ, ನಾನು ಹಿಂದೆ. ಒಂದು ಗಂಟೆಯ ಕಾಲ ನನ್ನ ಬಾಯಿಂದ ಒಂದು ತಪ್ಪೂ ಹೊರಡಲಿಲ್ಲ. ಇದು ನನ್ನ ಬದುಕಿನ ದಾಖಲೆ. ಅಷ್ಟರಲ್ಲಿ ತಿರುವೊಂದರಲ್ಲಿ ರಸ್ತೆಯ ಅಗಲಕ್ಕೂ ಒಣಗಿದ ಹುರುಳಿ ಗಿಡ ಹರವಿದ್ದು ಕಂಡಿತು. ನಾಲಿಗೆ ನನ್ನ ಕೈಮೀರಿತು. "ಸಾರ್ವಜನಿಕರ ರಸ್ತೆಯನ್ನು ಖಾಸಗಿ ಕಣ ಮಾಡಿಕೊಂಡಿದ್ದಾರಲ್ಲ, ಕೇಳುವವರೇ ಇಲ್ಲವೇ!"

"ಒಂದು" ಎಂದಳು ಗಿರಿಜೆ, ಹಿಂದಿರುಗಿ ನೋಡದೆ.

ಮರದ ನೆರಳಿನಿಂದ ರೈತನೊಬ್ಬ ಎದ್ದು ಓಡಿಬಂದ. ಜಗಳಕ್ಕೆ ಬಂದನೆಂದು ನಾನು ಸಿದ್ಧನಾದೆ. ಅವನು ಕೈಮುಗಿದ. "ಒಳ್ಳೇ ಟೈಮಿಗೆ ಬಂದ್ರಿ ಸಾ. ಬಸ್ಸು ತುಳೀತದೆ ಅಂತ ಹರವಿದ್ದು ಕಣ್ರೀ. ಬಸ್ಸು ಕೆಟ್ಟು ಎರಡು ದಿನ ಆಯ್ತು, ಒಂದು ಲಾರೀನೂ ಇತ್ಲಾಗೆ ತಲೆ ಹಾಕ್ಲಿಲ್ಲ. ನೀವಾದ್ರೂ ನಾಕು ಸಲ ಮ್ಯಾಲೆ ಓಡಾಡಿ."

ಅವನ ಹೆಂಡತಿ ಬದುವಿನ ಮೇಲೆ ಕುಳಿತು ನಗುತ್ತಿದ್ದಳು. "ಬಸ್ಸಿನ ಕೆಲ್ಸ ಸೈಕಲ್ಲಿಗೆ ಹೇಳ್ತಾವ್ನೆ ನೋಡ್ರವ್ವಾ ನಮ್ಮೆಜಮಾನ! ನಾಳೆ ಕೋಳಿ ಕೈಲಿ ತುಳಿಸ್ತಾನೆ."

ವಾಹನವಿಲ್ಲದ ರಸ್ತೆಯೆಂದು ನಾವು ಹಿಗ್ಗುತ್ತಿದ್ದಾಗ, ವಾಹನವಿಲ್ಲವೆಂದು ಕೊರಗುವವರೂ ಅದೇ ರಸ್ತೆಯಲ್ಲಿದ್ದರು. ನನ್ನ ಸಮಾಜ ಪಾಠದಲ್ಲಿ ಇದು ಇರಲಿಲ್ಲ. ನಾವಿಬ್ಬರೂ ಆ ಹುರುಳಿಯ ಮೇಲೆ ಹೋಗಿ ಬಂದು, ಹೋಗಿ ಬಂದು, ಹನ್ನೆರಡು ಸುತ್ತು ಹಾಕಿದೆವು. ಕಾಯಿ ಚಟಪಟ ಸಿಡಿಯುತ್ತಿತ್ತು. ಗಿರಿಜೆ ಹುಡುಗಿಯ ಹಾಗೆ ಗಂಟೆ ಬಾರಿಸುತ್ತ ಸೈಕಲ್ಲಿನಲ್ಲೇ ಎಂಟರ ಅಂಕಿ ಬರೆಯುತ್ತಿದ್ದಳು. ಹದಿಮೂರನೆಯ ಸುತ್ತಿಗೆ ನನ್ನ ಚೈನಿಗೆ ಅರ್ಧ ಹೊಲ ಸುತ್ತಿಕೊಂಡು ಸೈಕಲ್ ನಿಂತೇಹೋಯಿತು. ಅದನ್ನು ಬಿಡಿಸುತ್ತ ರೈತ, "ಹೋಗ್ಲಿ ಬುಡಿ ಸಾ, ಒಂದು ಸೇರು ಉದುರೈತೆ" ಎಂದು ಸಮಾಧಾನ ಹೇಳಿದ. ಅಷ್ಟು ಉಪಯುಕ್ತನಾದ ದಿನ ನನ್ನ ಸಾರ್ವಜನಿಕ ಜೀವನದಲ್ಲಿ ಹೆಚ್ಚಿಲ್ಲ.

ಎರಡನೆಯದು ಆದದ್ದು ಹೀಗೆ. ಊರ ದೊಡ್ಡವರ ಮನೆಯ ಮುಂದೆ ಸೈಕಲ್ಲಿನಿಂದ ಇಳಿದು ನಡೆಯಬೇಕೆಂಬ ಪದ್ಧತಿ ನಮ್ಮ ಸೀಮೆಯ ಕೆಲವು ಹಳ್ಳಿಗಳಲ್ಲಿ ಆಗಲೂ ಉಳಿದಿತ್ತು. ನನಗೆ ಅದು ಮೈ ಉರಿಸುವ ಪದ್ಧತಿ. ಒಂದು ಹಳ್ಳಿಯಲ್ಲಿ ನಮ್ಮ ಮುಂದೆ ಹೋಗುತ್ತಿದ್ದ ಹಾಲಿನವನು ಕಂಬದ ಜಗುಲಿಯಿದ್ದ ಮನೆಯೊಂದರ ಮುಂದೆ ಇಳಿದ. ಗಿರಿಜೆಯೂ ಇಳಿದಳು. ಜಗುಲಿಯ ಮೇಲಿದ್ದ ಮುದುಕರು ನನ್ನತ್ತ ಕೈ ಬೀಸಿ, "ಇಳೀರಿ ಸ್ವಾಮಿ, ಇಳೀರಿ!" ಎಂದು ಕೂಗಿದರು. ನಾನು ಹ್ಯಾಂಡಲ್ ಬಿಗಿಯಾಗಿ ಹಿಡಿದು, "ಪಾಳೆಯಗಾರಿಕೆ ಮುಗಿಯಿತು ಯಜಮಾನರೇ! ಯಾರ ಮನೆಯ ಮುಂದೆಯೂ ನಾನು ಇಳಿಯುವ..." ಎನ್ನುವಷ್ಟರಲ್ಲಿ ನನ್ನ ಮುಂದಿನ ಗಾಲಿ ನೆಲದೊಳಗೆ ಹೋಯಿತು, ನಾನು ಅದರ ಮೇಲಿನಿಂದ ಮುಂದಕ್ಕೆ ಹೋದೆ.

"ಇಳೀರಿ ಅಂತ ಬಡ್ಕೊಂಡ್ನಲ್ಲ ಸ್ವಾಮಿ!" ಮುದುಕರು ಕೋಲೂರಿಕೊಂಡು ಓಡಿಬಂದರು. "ಮೋರಿ ಕಲ್ಲು ಮುರಿದೈತೆ, ದನ ಕಾಲಿಕ್ಕದಿರ್ಲಿ ಅಂತ ಮ್ಯಾಲೆ ಗರಿ ಮುಚ್ಚಿವ್ನಿ. ಏನವ್ವಾ, ನಿಮ್ಮೆಜಮಾನ್ರು ಬೀಳ್ತಾ ಬೀಳ್ತಾನೂ ಏನೋ ಹೇಳ್ತಾ ಇದ್ರಲ್ಲ?"

"ಎರಡು ಅಂತ ಹೇಳ್ತಿದ್ರು ತಾತಾ" ಎಂದಳು ಗಿರಿಜೆ.

ಆ ಪಾಳೆಯಗಾರರು ತಮ್ಮ ಪಂಚೆಯ ತುದಿಯಿಂದಲೇ ನನ್ನ ಮಂಡಿ ಒರೆಸಿ, ತೋಟದಿಂದ ಎಳನೀರು ತರಿಸಿ, ನಾನು ಮೂರನೆಯದನ್ನು ಕುಡಿದು ಮುಗಿಸುವವರೆಗೆ ಬಿಡಲಿಲ್ಲ. ಕ್ಷಮೆ ಕೇಳೋಣವೆಂದರೆ, ಅವರಿಗೆ ನಾನು ಮಾಡಿದ ಅವಮಾನವೇನೆಂದು ಮೊದಲು ವಿವರಿಸಬೇಕಾಗಿತ್ತು. ಆ ದಿನ ಹಂದನಕೆರೆಯಲ್ಲಿ ಗಿರಿಜೆಯ ಪರಿಚಯದವರ ಮನೆಯಲ್ಲಿ ಮುದ್ದೆ ಉಂಡು ಮಲಗಿದೆವು. ಬೆಳಗ್ಗೆ ಎದ್ದಾಗ ಕಿಟಕಿಯಲ್ಲಿ ಬೆಟ್ಟ ಕಾಣಿಸಿತು, ನೆತ್ತಿಯ ಮೇಲೆ ಕೋಟೆಯ ಗೋಡೆ ಬಿಸಿಲಿಗೆ ಹೊಳೆಯುತ್ತಿತ್ತು. ಮೂರು ವರ್ಷ ಕಾದ ಬೆಟ್ಟ. ನನ್ನ ಬಳಿ ಉಳಿದಿದ್ದುದು ಒಂದೇ ತಪ್ಪು. ಹಲ್ಲು ಕಚ್ಚಿಕೊಂಡಾದರೂ ಸರಿ, ಅದನ್ನು ಖರ್ಚು ಮಾಡಬಾರದೆಂದು ನಿಶ್ಚಯಿಸಿದೆ.

ಬೆಟ್ಟದ ಬುಡದಲ್ಲಿ ಮಲ್ಲಣ್ಣನೆಂಬವನ ಗುಡಿಸಲ ಹೋಟೆಲಿತ್ತು. ಅದರೆದುರು ಆ ರಸ್ತೆಯ ಏಕೈಕ ಬಸ್ಸು, ರಿಪೇರಿ ಮುಗಿಸಿಕೊಂಡು, ಚಿಕ್ಕನಾಯಕನಹಳ್ಳಿಯ ಮೇಲೆ ತಿಪಟೂರಿಗೆ ಹೊರಟು, ಟೀ ಕುಡಿಯುವ ಡ್ರೈವರಿಗಾಗಿ ಕಾಯುತ್ತಿತ್ತು. ಗಿರಿಜೆ ಹೊರಗೆ ಟೈರಿಗೆ ಗಾಳಿ ಹೊಡೆಯುತ್ತಿದ್ದಳು. ನಾನು ಒಳಗೆ ಬೆಂಚಿನ ಮೇಲೆ ಕುಳಿತೆ. ಮಲ್ಲಣ್ಣ ನನ್ನ ಕೈಗೆ ಗಾಜಿನ ಲೋಟ ಕೊಟ್ಟ. ಒಂದು ಗುಟುಕು ಕುಡಿದು ತಲೆ ಎತ್ತಿದಾಗ, ಬೇಲಿಯ ಗೂಟಗಳ ಮೇಲೆ ಸಾಲಾಗಿ ಬೋರಲು ಹಾಕಿದ್ದ ತೆಂಗಿನ ಚಿಪ್ಪುಗಳು ಕಂಡವು. ಕಲ್ಲು ಒಡೆಯುವ ಕೆಲಸದಿಂದ ಬಂದ ಮೂವರು ಅಲ್ಲೇ ಹೊರಗೆ ನಿಂತು, ತಲಾ ಒಂದು ಚಿಪ್ಪು ತೆಗೆದುಕೊಂಡು, ತಾವೇ ತೊಳೆದು ಮುಂದೆ ಹಿಡಿದರು. ಮಲ್ಲಣ್ಣ ಮೇಲಿನಿಂದ, ತಾಗದಂತೆ, ಟೀ ಹೊಯ್ದ. ಅವರು ಅಸ್ಪೃಶ್ಯರೆನ್ನಿಸಿಕೊಂಡವರು, ನಾನು ಅಲ್ಲ. ನಡುವೆ ಇದ್ದುದು ಒಂದು ಬೇಲಿ.

ಈ ಅನ್ಯಾಯದ ಹೆಸರು ನನಗೆ ಗೊತ್ತಿತ್ತು. ಇದನ್ನು ನಿಷೇಧಿಸುವ ಸಂವಿಧಾನದ ವಿಧಿ, ಶಿಕ್ಷಿಸುವ ಕಾಯಿದೆ, ಎಲ್ಲವೂ ಗೊತ್ತಿತ್ತು. ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತಿದ್ದೆ. ಆದರೆ ಕಣ್ಣು ಬಸ್ಸಿನ ಕಡೆಗೆ ಹೋಯಿತು, ಅಲ್ಲಿಂದ ಬೆಟ್ಟದ ಕಡೆಗೆ ಹೋಯಿತು. ತಿಪಟೂರಿಗೆ ಹೋದ ಮೇಲೆ ಸಂಬಂಧಪಟ್ಟವರಿಗೆ ಸವಿವರವಾದ ಮನವಿ ಬರೆಯುವುದೇ ಹೆಚ್ಚು ಪರಿಣಾಮಕಾರಿ ಎಂದು ನನಗೆ ನಾನೇ ಹೇಳಿಕೊಂಡೆ. ಒಂದು ಹೋಟೆಲಿನ ಮಾತಲ್ಲ ಇದು, ವ್ಯವಸ್ಥೆಯ ಮಾತು ಎಂದೂ ಹೇಳಿಕೊಂಡೆ. ಹೀಗೆ ಹೇಳಿಕೊಳ್ಳುತ್ತ ಲೋಟ ಖಾಲಿ ಮಾಡಿದೆ. ಟೀ ಚೆನ್ನಾಗಿತ್ತು ಎಂಬುದನ್ನೂ ಸೇರಿಸದಿದ್ದರೆ ಈ ತಪ್ಪೊಪ್ಪಿಗೆ ಪೂರ್ತಿಯಾಗದು.

ಗಿರಿಜೆ ಪಂಪು ಇಟ್ಟು ಒಳಗೆ ಬಂದಳು. ತನಗಾಗಿ ಇಟ್ಟಿದ್ದ ಲೋಟ ನೋಡಿದಳು, ಬೇಲಿ ನೋಡಿದಳು, ನನ್ನನ್ನು ನೋಡಿದಳು. ಲೋಟ ಮುಟ್ಟದೆ ಹೊರಗೆ ಹೋಗಿ, ಗೂಟದಿಂದ ಒಂದು ಚಿಪ್ಪು ತೆಗೆದು ತೊಳೆದು, ಆ ಮೂವರ ಪಕ್ಕದಲ್ಲಿ ನಿಂತಳು.

"ಮಲ್ಲಣ್ಣ, ನಂಗೂ ಹಾಕು."

"ಅಯ್ಯೋ ನರ್ಸಮ್ಮ, ನಿಮ್ಗೆ ಒಳಗೆ ಲೋಟದಾಗೆ ಇಟ್ಟಿವ್ನಲ್ಲ!"

"ನಿನ್ನ ಮಗಳ ಹೆರಿಗೆ ಮಾಡಿಸಿದ್ದು ಯಾರು?"

"ನೀವೇ ಕಣವ್ವಾ."

"ಅವತ್ತು ನಾನು ಈ ಹನುಮಯ್ಯನ ಸೊಸೆ ಹೆರಿಗೆ ಮುಗಿಸ್ಕೊಂಡು ನೇರ ನಿಮ್ಮನೇಗೆ ಬಂದಿದ್ದೆ. ಹೊರಗೆ ನಿಂತ್ಕೋ ಅನ್ಲಿಲ್ವಲ್ಲ ನೀನು? ಹಾಕು."

ಮೂವರಲ್ಲಿ ಹಿರಿಯನಾದ ಹನುಮಯ್ಯನಿಗೆ ಮುಜುಗರವಾಯಿತು. "ನಮ್ಗೇನು ಬುಡವ್ವಾ, ಅಭ್ಯಾಸ ಆಗೋಗೈತೆ."

"ನಂಗೆ ಆಗಿಲ್ಲ ಹನುಮಯ್ಯ. ಇವತ್ತಿಂದ ಮಾಡ್ಕೋತೀನಿ."

ಮಲ್ಲಣ್ಣ ಟೀ ಪಾತ್ರೆ ಹಿಡಿದು ಕಂಬದಂತೆ ನಿಂತ. ಒಳಗಿನಿಂದ ಅವನ ಹೆಂಡತಿಯ ದನಿ ಬಂತು: "ಏನ್ ನೋಡ್ಕಂಡ್ ನಿಂತಿದ್ದೀಯ? ಮೊಮ್ಮಗನ್ನ ಎತ್ತಿಕೊಟ್ಟ ಕೈಗೆ ಚಿಪ್ಪಲ್ಲಿ ಹುಯ್ತೀಯಾ? ಲೋಟ ತಗಂಡೋಗಿ ಎಲ್ರಿಗೂ ಕೊಡು, ನಡಿ!"

ನಾಲ್ಕು ಲೋಟ ಹೊರಗೆ ಬಂದವು. ಹನುಮಯ್ಯ ಲೋಟ ಹಿಡಿದವನು ತಕ್ಷಣ ಕೈ ಬದಲಾಯಿಸಿ, "ಸುಡ್ತದಲ್ಲ ಕಣವ್ವಾ ಇದು! ಚಿಪ್ಪೇ ವಾಸಿ" ಎಂದ. ಎಲ್ಲರೂ ನಕ್ಕರು, ಮಲ್ಲಣ್ಣನೂ, ಸ್ವಲ್ಪ ತಡವಾಗಿ, ನಕ್ಕ. ಈಗ ಸಮಯ ಬಂತೆಂದು ನಾನು ಎದ್ದು ನಿಂತು ಕಂಠ ಸರಿಪಡಿಸಿಕೊಂಡೆ: "ಮಲ್ಲಣ್ಣ, ನಮ್ಮ ಸಂವಿಧಾನದಲ್ಲಿ..."

"ರೀ, ಕೂತ್ಕೊಳ್ಳಿ. ಆಯ್ತು" ಎಂದಳು ಗಿರಿಜೆ. "ಮೂರೂ ಆಯ್ತು."

"ಇದೊಂದು ಮಾತಿಗೇ?"

"ಮಾತಿಗಲ್ಲ. ಲೋಟ ಖಾಲಿ ಆಗೋವರೆಗೂ ಸುಮ್ನಿದ್ರಲ್ಲ, ಅದಕ್ಕೆ."

"ಯಾವುದನ್ನೂ ಹೇಳಬಾರದು ಎಂದವಳು ನೀನೇ ಅಲ್ಲವೇ?"

"ಹೇಳಬೇಡಿ ಅಂದಿದ್ದೆ ಕಣ್ರೀ. ಎದ್ದು ಹೊರಗೆ ಬರಬೇಡಿ ಅಂದಿದ್ನಾ?"

ಕಂಡಕ್ಟರ್ ಬಸ್ಸಿನ ಏಣಿಯ ಮೇಲೆ ನಿಂತು, "ಟಾಪಿಗೆ ಎಷ್ಟು ಸೈಕಲ್ಲವ್ವಾ?" ಎಂದು ಕೇಳಿದ. "ಒಂದು" ಎಂದವಳೇ ಗಿರಿಜೆ ತನ್ನ ಸೈಕಲ್ ಹತ್ತಿ, ಬೆಟ್ಟದ ದಾರಿಗೆ ತಿರುಗಿಸಿದಳು. ಕಂಡಕ್ಟರ್ ನನ್ನ ಮುಖ ನೋಡಿದ. "ಏನ್ ಸಾ, ಬತ್ತೀರಾ, ಇಲ್ವಾ?" ನ್ಯಾಯವಾಗಿ ನಾನು ಹತ್ತಬೇಕಿತ್ತು. ಒಪ್ಪಿದ ಕರಾರನ್ನು ಮುರಿಯುವವರ ಬಗ್ಗೆ ನಾನು ಎಷ್ಟೋ ಕಟುವಾಗಿ ಬರೆದಿದ್ದೇನೆ. "ಇಲ್ಲ" ಎಂದು ಹೇಳಿ, ಸೈಕಲ್ ತಳ್ಳಿಕೊಂಡು ಅವಳ ಹಿಂದೆ ಓಡಿದೆ.

ಬೆಟ್ಟ ಹತ್ತಿದ್ದನ್ನು ಏನೆಂದು ಹೇಳಲಿ! ಮೂರು ತಿರುವು ತುಳಿದೆ, ಉಳಿದ ಏಳು ತಿರುವು ತಳ್ಳಿದೆ. ಕೋಟೆಯ ಬಾಗಿಲಲ್ಲಿ ಗಿರಿಜೆ ಕಾಯುತ್ತಿದ್ದಳು. ನನ್ನನ್ನು ಕಂಡು ಆಶ್ಚರ್ಯಪಡಲಿಲ್ಲ, ನೀರಿನ ಬಾಟಲಿ ಚಾಚಿದಳು. ಒಳಗೆ ಚಪ್ಪಡಿ ಹಾಸಿದ ಓಣಿಗಳು, ಮಣ್ಣಿನ ಮಾಳಿಗೆಯ ಮನೆಗಳು. ಬಸ್ಸನ್ನು ಆ ಎತ್ತರದಿಂದ ಕೆಳಗೆ ನೋಡಿದ್ದೇ ಹೊರತು ಹತ್ತಿರದಿಂದ ಕಂಡಿರದ ಕೋಳಿಗಳು. ಬುರುಜಿನ ಮೇಲೆ ನಿಂತರೆ ತೋಟಗಳು ಕಡುಹಸಿರು ಕಂಬಳಿ ಹಾಸಿದಂತೆ, ನಡುನಡುವೆ ಕೆರೆಗಳು. ಆಚೆ ಕಡೆಯ ಇಳಿಜಾರಿನಲ್ಲಿ ನಾವಿಬ್ಬರೂ ಅಕ್ಕಪಕ್ಕದಲ್ಲಿ, ಪೆಡಲಿನಿಂದ ಕಾಲು ಎತ್ತಿ, ಎರಡು ಮೈಲಿ ಹಾರಿದೆವು. ಎದುರಿಗೆ ಒಂದು ವಾಹನವೂ ಬರಲಿಲ್ಲ. ನಾನು ಗಟ್ಟಿಯಾಗಿ ಕೂಗಿದೆ. "ಏನು ತಪ್ಪು ಕಾಣಿಸ್ತು?" ಎಂದು ಗಾಳಿಯಲ್ಲಿ ಗಿರಿಜೆ ಕೇಳಿದಳು. "ಏನೂ ಇಲ್ಲ, ಸುಮ್ಮನೆ ಕೂಗಿದೆ" ಎಂದೆ.

ಆಮೇಲೆ ಗಿರಿಜೆ ಆ ಕಡೆ ಕೆಲಸಕ್ಕೆ ಹೋದಾಗಲೆಲ್ಲ ಮಲ್ಲಣ್ಣನ ಹೋಟೆಲಿನಲ್ಲಿ ಬೇಕೆಂದೇ ಇಳಿಯುತ್ತಿದ್ದಳು. ಕೆಲವು ಸಲ ಬೇಲಿ ಬರಿದಾಗಿರುತ್ತಿತ್ತಂತೆ, ಕೆಲವು ಸಲ ಚಿಪ್ಪುಗಳು ಮತ್ತೆ ಏರಿರುತ್ತಿದ್ದವಂತೆ. ಏರಿದ್ದ ದಿನ ಅವಳೂ ಹೊರಗೆ ನಿಲ್ಲುತ್ತಿದ್ದಳು. ನಾಲ್ಕನೆಯ ವರ್ಷಕ್ಕೆ ಮಲ್ಲಣ್ಣನಿಗೇ ಸಾಕಾಗಿ, ಗೂಟಗಳನ್ನೇ ಕಿತ್ತು ಒಲೆಗೆ ಹಾಕಿದ. ನನ್ನ ಸವಿವರವಾದ ಮನವಿ ತಲುಪಿದೆ ಎಂಬ ಸ್ವೀಕೃತಿ ಪತ್ರ ಬಂದಿದೆ. ಈ ಪ್ರಸಂಗವನ್ನು ನಾನು ಅನೇಕ ಸಭೆಗಳಲ್ಲಿ ಹೇಳಿದ್ದೇನೆ. "ನಾವು ಎದ್ದು ಹೊರಗೆ ಹೋಗಿ ಚಿಪ್ಪು ಕೈಗೆತ್ತಿಕೊಂಡೆವು" ಎನ್ನುವಲ್ಲಿ ಜನ ತಪ್ಪದೆ ಚಪ್ಪಾಳೆ ತಟ್ಟುತ್ತಾರೆ. ಗಿರಿಜೆ ಸಭೆಗೆ ಬಂದು ಕುಳಿತ ದಿನ ಮಾತ್ರ ನಾನು ಮದ್ಯಪಾನದ ಕೆಡುಕುಗಳನ್ನು ಕುರಿತು ಮಾತನಾಡುತ್ತೇನೆ.