ಮೈಸೂರಿನ ಸೋದರಮಾವ

ಎಲ್ಲಕ್ಕೂ ಕಾರಣ ವ್ಯಾನಿನ ಬಾಗಿಲು. ಜಗನ್‌ನ ಹಳೆಯ ಓಮ್ನಿ ವಾರದಲ್ಲಿ ಆರು ದಿನ ಚಿಕ್ಕಬಳ್ಳಾಪುರದ ಅಂಗಡಿಗಳಿಗೆ ಬಿಸ್ಕತ್ತು ಹೊತ್ತು ತಿರುಗುತ್ತಿತ್ತು. ಅದರ ಪಕ್ಕದ ಬಾಗಿಲು ಎಳೆದರೆ ತಗಡಿನ ಡಬ್ಬಿಯಲ್ಲಿ ಬೆಕ್ಕು ಸಿಕ್ಕಿಕೊಂಡಂತೆ ಕಿರುಚುತ್ತಿತ್ತು. ಆ ಸದ್ದಿಗೆ ಬೀದಿಯಲ್ಲಿ ಯಾರಾದರೊಬ್ಬರು ಹೊರಗೆ ಬಂದು "ಎಲ್ಲಿಗಪ್ಪ?" ಅನ್ನುತ್ತಿದ್ದರು. ಎಲ್ಲಿಗೆ ಅಂದರೂ ಅವರಿಗೆ ಅಲ್ಲೊಂದು ಕೆಲಸ ಇದ್ದೇ ಇರುತ್ತಿತ್ತು.

ಮದುವೆಯಾಗಿ ಹನ್ನೊಂದು ತಿಂಗಳು. ಅಷ್ಟರಲ್ಲಿ ಜಗನ್ ಮತ್ತು ತನುಶ್ರೀ ನಂದಿಬೆಟ್ಟಕ್ಕೆ ಹೋಗಿದ್ದರು, ಏಳು ಜನ. ವಿದುರಾಶ್ವತ್ಥಕ್ಕೆ ಹೋಗಿದ್ದರು, ಒಂಬತ್ತು ಜನ ಮತ್ತು ಗೌರಿಬಿದನೂರಿನಲ್ಲಿ ರಿಪೇರಿಗೆ ಕೊಡಬೇಕಾದ ಒಂದು ಗ್ರೈಂಡರು. ತನುಶ್ರೀ ಇಡೀ ದಾರಿ ಆ ಗ್ರೈಂಡರಿನ ಮೇಲೆ ಕಾಲಿಟ್ಟುಕೊಂಡು ಕೂತಿದ್ದಳು. ಆಷಾಢಕ್ಕೆ ತವರಿಗೆ ಹೋಗಿದ್ದವಳು ಬಂದು ಇನ್ನೂ ವಾರವಾಗಿರಲಿಲ್ಲ. ಶನಿವಾರ ಸಂಜೆ ಹೇಳಿದ್ದಳು:

"ನಾಳೆ ಮೈಸೂರು. ನಾನು, ನೀವು, ಅಷ್ಟೆ. ಅರಮನೆ ದೀಪ ಹತ್ತಿದಾಗ ನನ್ನ ಪಕ್ಕದಲ್ಲಿ ನೀವೊಬ್ರೇ ಇರಬೇಕು. ಇನ್ನೊಬ್ರು ಇದ್ರೋ, ಸೋಮವಾರ ಬೆಳಿಗ್ಗೆ ಚಿಂತಾಮಣಿ ಬಸ್ಸು ಹತ್ತಿಬಿಡ್ತೀನಿ. ದೀಪಾವಳಿವರೆಗೂ ಅಮ್ಮನ ಮನೇಲೇ."

ಜಗನ್‌ಗೆ ರಾತ್ರಿಯೆಲ್ಲ ಸರಿಯಾಗಿ ನಿದ್ದೆ ಬರಲಿಲ್ಲ. ಆರು ಗಂಟೆಗೆ ಎದ್ದು ಬಾಗಿಲಿನ ಹಳಿಗೆ ಕೊಬ್ಬರಿ ಎಣ್ಣೆ ಬಿಟ್ಟು, ಉಸಿರು ಬಿಗಿಹಿಡಿದು ಎಳೆದ. ಬೆಕ್ಕು ಕಿರುಚಿತು.

ಎದುರು ಮನೆಯ ಲಕ್ಷ್ಮೀನರಸಮ್ಮ ರಂಗೋಲಿ ಬಟ್ಟಲು ಹಿಡಿದುಕೊಂಡು ಅಲ್ಲೇ ನಿಂತಿದ್ದರು. "ಎಲ್ಲಿಗಪ್ಪ ಜಗನ್, ಇಷ್ಟೊತ್ಗೇ?"

ದೇವಸ್ಥಾನ ಅಂದರೆ ಬರುತ್ತಾರೆ. ಆಸ್ಪತ್ರೆ ಅಂದರೆ ಫ್ಲಾಸ್ಕು ಹಿಡಿದುಕೊಂಡು ಬರುತ್ತಾರೆ. ಬೆಂಗಳೂರು ಅಂದರೆ ಇಡೀ ಬೀದಿಯೇ ಹೊರಡುತ್ತದೆ. ಜನಕ್ಕೆ ಬೇಕಾಗಿರುವುದು ಸುಖ. ದುಃಖದ ಕಡೆಗೆ ಯಾರೂ ಹೆಜ್ಜೆ ಇಡುವುದಿಲ್ಲ ಎಂಬ ಯೋಚನೆ ಆ ಗಳಿಗೆಯಲ್ಲಿ ಅವನಿಗೆ ಬಹಳ ಆಳವಾದದ್ದೆಂದು ಕಂಡಿತು.

"ಸಾವು ದೊಡ್ಡಮ್ಮ," ಅಂದ. "ಮೈಸೂರಲ್ಲಿ ತನುಶ್ರೀ ಸೋದರಮಾವ. ರಾತ್ರಿ ಹೋಗ್ಬಿಟ್ರು."

"ಸೋದರಮಾವನಾ?"

"ಅವಳಮ್ಮನ ಒಡಹುಟ್ಟಿದ ತಮ್ಮ. ವೆಂಕಟರವಣಪ್ಪ ಅಂತ." ಹೆಸರಿದ್ದರೆ ಸಾವು ಗಟ್ಟಿಯಾಗುತ್ತದೆ ಅಂದುಕೊಂಡ.

ಲಕ್ಷ್ಮೀನರಸಮ್ಮ ಅವನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಬಟ್ಟಲು ಕೆಳಗಿಟ್ಟು, "ಅಯ್ಯೋ ದೇವುಡಾ!" ಎಂದು ಎದೆಗೆ ಕೈ ಹಚ್ಚಿ ಮನೆಯ ಕಡೆ ತಿರುಗಿದರು. "ರೀ! ಪಂಚೆ ಉಟ್ಕೊಳ್ರೀ! ಮಣ್ಣಿಗೆ ಹೋಗ್ಬೇಕು!"

"ಅಯ್ಯೋ, ನೀವ್ಯಾಕೆ ದೊಡ್ಡಮ್ಮ ಅಷ್ಟು ದೂರ..."

"ಏನಪ್ಪ ಹಂಗಂದ್ರೆ? ಹೆಣ್ಮಗೂನ ಒಂಟಿಯಾಗಿ ಸಾವಿನ ಮನೆಗೆ ಕಳಿಸಿ ನಾವಿಲ್ಲಿ ಮುದ್ದೆ ಉಣ್ಣಕ್ಕಾಗ್ತದಾ?"

ಆಗ ತನುಶ್ರೀ ಹೊರಗೆ ಬಂದಳು. ನವಿಲು ಬಣ್ಣದ ಸೀರೆ, ಮೊಳ ಮಲ್ಲಿಗೆ, ಹೆಗಲಿಗೆ ಕ್ಯಾಮೆರಾ. ಲಕ್ಷ್ಮೀನರಸಮ್ಮ ಓಡಿಹೋಗಿ ಅವಳನ್ನು ಅಪ್ಪಿಕೊಂಡು, ಅಪ್ಪಿಕೊಂಡ ಕೈಯಿಂದಲೇ ಮಲ್ಲಿಗೆಯನ್ನು ಕಿತ್ತರು. "ಅತ್ಬಿಡಮ್ಮ, ತಡೀಬೇಡ."

ತನುಶ್ರೀ ಅವರ ಹೆಗಲ ಮೇಲಿಂದ ಗಂಡನನ್ನು ನೋಡಿದಳು. "ರೀ, ಯಾರು..."

"ನಿನ್ನ ಸೋದರಮಾವ."

"ಸೋದರಮಾವನಾ? ಅಲ್ಲ ರೀ, ನನ್ನ ಸೋದರಮಾವ ಅಂದ್ರೆ..."

"ಬಾಯಿ ಮುಚ್ಕೊಂಡು ಅಳು!" ಜಗನ್ ಹಲ್ಲುಕಚ್ಚಿ ಪಿಸುಗುಟ್ಟಿದ.

ತನುಶ್ರೀ ಅಳಲಿಲ್ಲ. ಆದರೆ ಬಾಯಿ ಮುಚ್ಚಿದಳು. ಮುಂದಿನ ಸೀಟಿನಲ್ಲಿ ಕೂತು ಮುಖವನ್ನು ಕಿಟಕಿಗೆ ತಿರುಗಿಸಿದವಳು ಇನ್ನೂರು ಕಿಲೋಮೀಟರು ಒಂದು ಮಾತೂ ಆಡಲಿಲ್ಲ.

ಲಕ್ಷ್ಮೀನರಸಮ್ಮನ ಗಂಡ ಚಿಕ್ಕವೆಂಕಟಪ್ಪ ರಿಟೈರಾದ ಬಸ್ ಕಂಡಕ್ಟರು. ಬಿಳಿ ಪಂಚೆ, ಹೆಗಲಿಗೆ ಟವೆಲು. ಮಾರ್ಕೆಟ್ಟಿನ ಹತ್ತಿರ ವ್ಯಾನು ನಿಲ್ಲಿಸಿ ಆಳೆತ್ತರದ ಗುಲಾಬಿ ಹಾರ ತಂದರು. ಒಳಗೆ ಇಟ್ಟರೆ ಬಾಡುತ್ತದೆಂದು ವ್ಯಾನಿನ ಮೂತಿಗೇ ಕಟ್ಟಿದರು. ಅಲ್ಲಿಂದ ಮುಂದೆ ರಸ್ತೆಯ ನಡವಳಿಕೆಯೇ ಬದಲಾಯಿತು. ದೇವನಹಳ್ಳಿಯಲ್ಲಿ ಲಾರಿಗಳು ಪಕ್ಕಕ್ಕೆ ಸರಿದವು. ಬೆಂಗಳೂರಿನ ಸಿಗ್ನಲ್ಲಿನಲ್ಲಿ ಸ್ಕೂಟರಿನವನೊಬ್ಬ ಹೆಲ್ಮೆಟ್ಟು ತೆಗೆದು, ಒಳಗೆ ಇಣುಕಿ, ಕೂತಿರುವ ನಾಲ್ವರಲ್ಲಿ ತೀರಿಕೊಂಡವರು ಯಾರೆಂದು ಹುಡುಕಿದ. ಅವನ ಕಣ್ಣು ಜಗನ್ ಮೇಲೆ ನಿಂತಿತು.

ರಾಮನಗರದಲ್ಲಿ ಚಿಕ್ಕವೆಂಕಟಪ್ಪ ಸೀಟಿಯಂಥ ಒಂದು ಸದ್ದು ಮಾಡಿದರು. "ಹೋಲ್ಡಾನ್. ತಿಂಡಿಗೆ ಹತ್ತು ನಿಮಿಷ."

ಜಗನ್ ಮೊದಲಿಗನಾಗಿ ಇಳಿದ. ನಿನ್ನೆ ಸಂಜೆಯಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ವ್ಯಾನಿನೊಳಗೆ ಅಂಟಿಕೊಂಡಿದ್ದ ಬಿಸ್ಕತ್ತಿನ ವಾಸನೆ ಬೇರೆ ಕರುಳನ್ನು ಹಿಂಡುತ್ತಿತ್ತು.

"ನೀನೆಲ್ಲಿಗೆ?" ಲಕ್ಷ್ಮೀನರಸಮ್ಮ ತಡೆದರು. "ನಾವು ಹೊರಗಿನೋರು ಕಣಪ್ಪ, ತಿಂದ್ರೆ ನಡೀತದೆ. ನೀವು ಹತ್ತಿರದ ಸಂಬಂಧ. ಮಣ್ಣಾಗೋವರ್ಗೂ ಹಲ್ಲಿಗೆ ನೀರೂ ಸೋಕಿಸಬಾರ್ದು."

ಹೋಟೆಲಿನ ಕಿಟಕಿಯ ಪಕ್ಕದ ಮೇಜಿನಲ್ಲಿ ಹಿರಿಯ ಗಂಡಹೆಂಡತಿ ಕೂತರು. ಇಡ್ಲಿ ಬಂತು, ವಡೆ ಬಂತು, ಮೇಲೊಂದು ಖಾಲಿದೋಸೆ ಬಂತು. ಚಿಕ್ಕವೆಂಕಟಪ್ಪ ಪ್ರತಿ ತುತ್ತಿಗೂ ವ್ಯಾನಿನ ಕಡೆ ನೋಡಿ ದುಃಖದಿಂದ ತಲೆಯಾಡಿಸುತ್ತಿದ್ದರು.

"ತನು," ಜಗನ್ ಮೆಲ್ಲಗೆ ಅಂದ. "ಏನಾದ್ರೂ ಮಾಡ್ತೀನಿ. ಮಂಡ್ಯ ಬರೋದ್ರೊಳಗೆ ವಾಪಸ್ ಕಳಿಸ್ತೀನಿ. ಮಾತಾಡೇ."

ತನುಶ್ರೀ ಕಿಟಕಿಯ ಗಾಜು ಏರಿಸಿಕೊಂಡಳು.

ಮದ್ದೂರಿನಲ್ಲಿ ಮತ್ತೆ ಹೋಲ್ಡಾನ್. ಅವರು ವಡೆ ತಿನ್ನುತ್ತಿದ್ದಾಗ ಜಗನ್ ಅಂಗಡಿಯೊಂದರ ಕಾಯಿನ್ ಬಾಕ್ಸಿನ ಹತ್ತಿರ ಹೋಗಿ ರಿಸೀವರು ಹಿಡಿದು ನಿಂತ. ಬಂದು ಮುಖ ಬಾಡಿಸಿ ಹೇಳಿದ, "ದೊಡ್ಡಪ್ಪ, ಮಣ್ಣಾಗೋಯ್ತಂತೆ. ಇನ್ನು ನೀವು ಹೋಗಿ ಏನು ಪ್ರಯೋಜನ? ನಿಮ್ಮಿಬ್ರನ್ನೂ ಬೆಂಗಳೂರು ಬಸ್ಸಿಗೆ ಹತ್ತಿಸಿಬಿಡ್ತೀನಿ."

ಚಿಕ್ಕವೆಂಕಟಪ್ಪ ಟವೆಲಿನಿಂದ ಬಾಯಿ ಒರೆಸಿಕೊಂಡರು. "ನಮ್ಮನ್ನ ಕಾಯ್ದೇನೇ ಎತ್ತಿಬಿಟ್ರಾ? ಇದೇನಪ್ಪ ಅವಸರ! ಇರ್ಲಿ. ಮನೆಗೋಗಿ ಮಾತಾಡ್ಸಿ, ಫೋಟೋಗೆ ಹಾರ ಹಾಕಣ."

"ಮಣ್ಣಾಯ್ತಲ್ಲ, ಹಂಗಾದ್ರೆ ನಾನೊಂದು ವಡೆ..."

"ಇನ್ನು ಸ್ನಾನ ಆಗ್ದೆ ತಿನ್ನಬಾರ್ದು," ಅಂದರು ಲಕ್ಷ್ಮೀನರಸಮ್ಮ.

ಹೀಗೆ ಊರೂರಿಗೂ ಹೋಲ್ಡಾನ್ ಆಗಿ ಮೈಸೂರು ಮುಟ್ಟಿದಾಗ ನಾಲ್ಕು ಗಂಟೆ. ಇಲ್ಲದ ಮನೆಯನ್ನು ಹುಡುಕುವುದು ಇರುವ ಮನೆಯನ್ನು ಹುಡುಕುವುದಕ್ಕಿಂತ ಕಷ್ಟ ಎಂದು ಜಗನ್‌ಗೆ ಅಲ್ಲಿ ಗೊತ್ತಾಯಿತು. ಅಗ್ರಹಾರ ಅಂದ. ಅಲ್ಲ, ನಜರ್‌ಬಾದ್ ಅಂದ. ದೊಡ್ಡ ಗಡಿಯಾರವನ್ನು ಮೂರು ಸಲ ಸುತ್ತಿದ. ಹಿಂದಿನ ಸೀಟಿನಲ್ಲಿ ಇಬ್ಬರೂ ಕತ್ತು ಹೊರಗೆ ಹಾಕಿ, "ಇದೇ ಅಲ್ವೇನ್ರೀ ಅರಮನೆ?" "ಇದು ಹಿಂದ್ಗಡೆ ಕಣೇ, ಮುಂದ್ಗಡೆ ಬರ್ತದೆ ತಡಿ," ಎಂದು ಮಾತಾಡಿಕೊಳ್ಳುತ್ತಿದ್ದರು. ಜಗನ್ ಅವರು ಹೇಳುವುದನ್ನು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿ ಇರಲಿಲ್ಲ. ಅವನ ಕೈ ಸ್ಟೇರಿಂಗಿನ ಮೇಲೆ ತಾಳ ಹಾಕುತ್ತಿತ್ತು, ಹೊಟ್ಟೆ ಬೇರೆಯೇ ತಾಳ ಹಾಕುತ್ತಿತ್ತು. ದೀಪ ಹತ್ತುವುದು ಏಳಕ್ಕೆ.

ಆರೂಮುಕ್ಕಾಲಿಗೆ ಒಂದು ಮರದ ಕೆಳಗೆ ವ್ಯಾನು ನಿಲ್ಲಿಸಿದ. "ದೊಡ್ಡಪ್ಪ, ಗಲ್ಲಿ ಸಣ್ಣದು, ವ್ಯಾನು ಹೋಗಲ್ಲ. ನಾವಿಬ್ರೂ ನಡ್ಕೊಂಡು ಹೋಗಿ ಮನೆ ನೋಡ್ಕೊಂಡು ಬರ್ತೀವಿ. ನೀವು ಇಲ್ಲೇ ಇರಿ. ಎಲ್ಲೂ ಹೋಗಬೇಡಿ."

ಉತ್ತರಕ್ಕೆ ಕಾಯದೆ ತನುಶ್ರೀಯ ಕೈ ಹಿಡಿದು ನಡೆದ. ತಿರುವು ದಾಟಿದ ಮೇಲೆ ಓಡಿದ. ಅವಳೂ ಓಡಿದಳು, ನೆರಿಗೆ ಎತ್ತಿ ಹಿಡಿದುಕೊಂಡು. ಅರಮನೆಯ ಅಂಗಳದಲ್ಲಿ ಜಾತ್ರೆಯಂಥ ಜನ. ಅಷ್ಟು ಜನರಲ್ಲಿ ಒಬ್ಬರೂ ಅವರ ಬೀದಿಯವರಲ್ಲ. ಜಗನ್‌ಗೆ ಗುರುತಿಲ್ಲದ ಮುಖಗಳು ಇಷ್ಟು ಚೆನ್ನಾಗಿ ಎಂದೂ ಕಂಡಿರಲಿಲ್ಲ.

ದೀಪಗಳು ಒಟ್ಟಿಗೇ ಹತ್ತಿದವು. ಕಮಾನು, ಗೋಪುರ, ಗುಮ್ಮಟ ಎಲ್ಲ ಕತ್ತಲೆಯಿಂದ ಚಿನ್ನದ ಗೆರೆಗಳಾಗಿ ಎದ್ದು ಬಂದವು. "ಅಬ್ಬಾ," ಅಂದಳು ತನುಶ್ರೀ. ಬೆಳಗಿನಿಂದ ಅವಳ ಬಾಯಿಂದ ಬಂದ ಮೊದಲ ಮಾತು. ಅವನ ತೋಳಿಗೆ ಒರಗಿದಳು.

"ನೋಡ್ದಾ? ಪಕ್ಕದಲ್ಲಿ ನಾನೊಬ್ನೇ."

"ಹೂಂ." ನಕ್ಕಳು. "ರೀ, ಬೆಳಿಗ್ಗೆ ನಾನು ಹೇಳಕ್ಕೆ ಬಂದಿದ್ದು ಏನು ಗೊತ್ತಾ? ನಮ್ಮಮ್ಮಂಗೆ..."

"ಅದೆಲ್ಲ ಊರಿಗೆ ಹೋಗಿ ಹೇಳು. ಈಗ ದೀಪ ನೋಡು."

"ಎಷ್ಟು ಚೆನ್ನಾಗೈತೆ ಅಲ್ವೇನಪ್ಪ!" ಎಂದಿತು ಬೆನ್ನ ಹಿಂದಿನ ದನಿ.

ಲಕ್ಷ್ಮೀನರಸಮ್ಮ ನಿಂತಿದ್ದರು, ಕೈಯಲ್ಲಿ ಕಡಲೆಕಾಯಿ ಪೊಟ್ಟಣ. ಪಕ್ಕದಲ್ಲಿ ಚಿಕ್ಕವೆಂಕಟಪ್ಪ, ದೀಪಗಳನ್ನು ಟಿಕೆಟ್ಟುಗಳಂತೆ ಎಣಿಸುತ್ತಿದ್ದರು.

ಜಗನ್ ಕೈ ಜೋಡಿಸಿದ. ಇನ್ನು ಮುಚ್ಚಿಡುವ ಶಕ್ತಿ ಅವನಲ್ಲಿ ಉಳಿದಿರಲಿಲ್ಲ. "ದೊಡ್ಡಮ್ಮ, ತಪ್ಪಾಯ್ತು. ಯಾರೂ ಸತ್ತಿಲ್ಲ. ಆ ವೆಂಕಟರವಣಪ್ಪ ಅನ್ನೋರೇ ಇಲ್ಲ."

"ಇಲ್ಲ ಅಂತ ಬೆಳಿಗ್ಗೇನೇ ಗೊತ್ತಿತ್ತು ಕಣಪ್ಪ."

"ಗೊತ್ತಿತ್ತಾ?"

"ಗೊತ್ತಿಲ್ದೆ? ಇವಳಮ್ಮಂಗೆ ಅಣ್ಣ ತಮ್ಮ ಯಾರೂ ಇಲ್ಲ. ನಿಮ್ಮ ಮದುವೇಲಿ ಹೆಣ್ಣನ್ನ ಮಂಟಪಕ್ಕೆ ಕರ್ಕೊಂಡು ಬರಕ್ಕೆ ಸೋದರಮಾವ ಬೇಕು ಅಂದಾಗ, ಇವಳಪ್ಪ ಕೈ ಹಿಡ್ಕೊಂಡು ಕೇಳ್ದ ಅಂತ ಆ ಜಾಗದಲ್ಲಿ ನಿಂತಿದ್ದು ನಮ್ಮನೆಯೋರೇ! ನೀನು ಹೆಣ್ಣಿನ ಮುಖ ಬಿಟ್ಟು ಬೇರೆ ಯಾರನ್ನ ನೋಡ್ದೆ ಅವತ್ತು?"

ಚಿಕ್ಕವೆಂಕಟಪ್ಪ ಎಣಿಕೆ ನಿಲ್ಲಿಸಿದರು. "ಬೆಳಿಗ್ಗೆಯಿಂದ ನನ್ನ ಸಾವಿಗೆ ನಾನೇ ಹೊರಟಿದ್ದೀನಿ ಜಗನ್. ಹಾರಾನೂ ನಾನೇ ತಂದೆ. ಮದ್ದೂರಲ್ಲಿ ನನ್ನನ್ನ ಕಾಯ್ದೇನೇ ಮಣ್ಣು ಮಾಡ್ಬಿಟ್ಟೆಯಲ್ಲಪ್ಪ, ಅದೊಂದು ಬೇಜಾರಾಯ್ತು."

"ಹಂಗಾದ್ರೆ ಯಾಕೆ ಬಂದ್ರಿ?" ಜಗನ್‌ನ ದನಿ ಅಳುವಿನ ಹತ್ತಿರ ಬಂದಿತ್ತು. "ನಮ್ಮನ್ಯಾಕೆ ಉಪವಾಸ ಕೆಡವಿದ್ರಿ?"

"ಸುಳ್ಳು ಹೇಳಿದ್ದಕ್ಕೆ ಉಪವಾಸ. ದೀಪ ನೋಡಕ್ಕೆ ಬಂದಿದ್ದು. ನಿಜ ಹೇಳಿದ್ರೆ ಕರ್ಕೊಂಡು ಬರ್ತಿದ್ಯಾ?" ಎಂದು ಕೇಳಿದ ಲಕ್ಷ್ಮೀನರಸಮ್ಮ ತನುಶ್ರೀಯ ಕೈಗೆ ಕಡಲೆಕಾಯಿ ಪೊಟ್ಟಣ ಕೊಟ್ಟರು. ಅವಳು ಸಿಪ್ಪೆ ಬಿಡಿಸುವಷ್ಟೂ ತಾಳ್ಮೆಯಿಲ್ಲದೆ ತಿನ್ನತೊಡಗಿದಳು. ಜಗನ್ ಕೈ ಚಾಚಿದ. ಅವಳು ಪೊಟ್ಟಣವನ್ನು ಇನ್ನೊಂದು ಕೈಗೆ ಬದಲಾಯಿಸಿದಳು.

"ಬಾಯಿ ಮುಚ್ಕೊಂಡು ಅಳು ಅಂದ್ರಲ್ಲ, ಈಗ ನೀವು ಅಳಿ," ಅಂದಳು. ಆಮೇಲೆ ಚಿಕ್ಕವೆಂಕಟಪ್ಪನ ಕಡೆ ತಿರುಗಿದಳು. "ಮಾವ, ಬೆಳಿಗ್ಗೆ ಚಿಂತಾಮಣಿಗೆ ಮೊದಲ್ನೇ ಬಸ್ಸು ಎಷ್ಟೊತ್ತಿಗೆ?"

"ಐದೂಮುಕ್ಕಾಲಿಗೆ ಒಂದು. ಶಿಡ್ಲಘಟ್ಟದ ಮೇಲೆ ಹೋಗ್ತದೆ."

"ತನು, ತನು, ಹಂಗನ್ಬೇಡ್ವೇ," ಎಂದು ಜಗನ್ ಗೋಗರೆದ. ಸುತ್ತಲಿನ ನಾಲ್ಕು ಜನ ಅರಮನೆ ಬಿಟ್ಟು ಅವನನ್ನು ನೋಡಿದರು.

ಆಗ ಅವನ ಪಾಲಿಗೆ ಬಂದವರು ಲಕ್ಷ್ಮೀನರಸಮ್ಮ. "ಸುಮ್ನಿರೇ ಹುಡುಗಿ, ಬಸ್ಸಲ್ಲಿ ಒಬ್ಳೇ ಯಾವಳಾದ್ರೂ ಹೋಗ್ತಾಳಾ?" ಎಂದು ಗದರಿದರು. ಜಗನ್ ಕೃತಜ್ಞತೆಯಿಂದ ಅವರ ಮುಖ ನೋಡಿದ.

"ಮನೇಲಿ ವ್ಯಾನು ಇಟ್ಕೊಂಡು ಬಸ್ಸು ಯಾಕೆ? ಇವನೇ ಬಿಡ್ತಾನೆ. ನಾವೂ ಬರ್ತೀವಿ. ಹಂಗೇ ಕೈವಾರಾನೂ ನೋಡ್ಕೊಂಡು ಬರಣ."