ನಾಕ್ ಸೂತ್ ಅಂದ್ರ ಅರ್ಧ ಇಂಚು

ಬೇರೆಯವರ ಮನೆಯಲ್ಲಿ ಒಲೆಯ ಮೇಲಿನ ಹಾಲು ಉಕ್ಕುತ್ತದೆ. ನಮ್ಮ ಮನೆಯಲ್ಲಿ ಲೆಕ್ಕದ ಪುಸ್ತಕ ತೆಗೆದರೆ ಸಾಕು, ಏನಾದರೊಂದು ಉಕ್ಕಿಯೇ ತೀರುತ್ತದೆ. ಅದರಲ್ಲೂ ಮಗಳು ನಾಲ್ಕನೇ ಇಯತ್ತೆಯಲ್ಲಿದ್ದಾಗ ಸಮಾನ ಭಿನ್ನರಾಶಿಯ ಪಾಠ ಬಂತು ನೋಡಿ, ದಾಬೋಲಿಮ್‌ನ ವಿಮಾನ ನಿಲ್ದಾಣದ ಪಕ್ಕದ ನಮ್ಮ ಬಾಡಿಗೆ ಖೋಲಿಯ ಮೇಲೆ ಹಾರುವ ವಿಮಾನಕ್ಕಿಂತ ನನ್ನ ಸದ್ದೇ ಜೋರಾಯಿತು.

ಅವಳ ಕನ್ನಡ ಶಾಲೆಯ ಅಕ್ಕೋರು ಲೆಕ್ಕ ಬಾರದವರನ್ನೆಲ್ಲ ಕಡೆಯ ಬೆಂಚಿಗೆ ಹಾಕಿದ್ದರು. ಮಗಳೂ ಅಲ್ಲೇ. ಪರೀಕ್ಷೆಯಲ್ಲಿ ಭಿನ್ನರಾಶಿ ಸರಿ ಮಾಡಿದವರಿಗಷ್ಟೇ ಅಲ್ಲಿಂದ ಬಿಡುಗಡೆ. ಆ ಬೆಂಚು ನನಗೆ ಚೆನ್ನಾಗಿ ಗೊತ್ತು. ಹತ್ತನೆಯವರೆಗೂ ಅದರ ಮೇಲೆ ಕೂತೇ ಸಾಲಿ ಮುಗಿಸಿದವಳು ನಾನು. ಆ ಆಸ್ತಿಯನ್ನು ಮಗಳ ಹೆಸರಿಗೆ ಬರೆಯುವ ಮನಸ್ಸು ನನಗಿರಲಿಲ್ಲ.

೧. ಕೇಕಿಲ್ಲದ ಮನೆ

ಪುಸ್ತಕದಲ್ಲಿ ಕೇಕಿನ ಚಿತ್ರವಿತ್ತು. ನಮ್ಮಲ್ಲಿ ಕೇಕು ಎಲ್ಲಿಂದ ಬರಬೇಕು? ಊರಿಂದ ತಂದಿದ್ದ ಖಡಕ್ ರೊಟ್ಟಿ ತೆಗೆದೆ.

"ನೋಡು, ನಡುವ ಮುರದ್ರ ಎರಡರಾಗ ಒಂದು. ಅದನ್ನ ಮತ್ತ ಮುರದ್ರ ನಾಕರಾಗ ಎರಡು. ಎರಡೂ ಅಷ್ಟ."

ಹೇಳಿದೆ, ಮುರಿದೆ. ಖಡಕ್ ರೊಟ್ಟಿ ಯಾರ ಮಾತು ಕೇಳುತ್ತದೆ? ಏಳು ಚೂರಾಯಿತು. ಒಂದು ಅಂಗೈಯಷ್ಟು, ಇನ್ನೊಂದು ಉಗುರಿನಷ್ಟು.

"ಅವ್ವಾ, ಇದರಾಗ ಅರ್ಧ ಯಾವುದು?"

"ಶೇಂಗಾ ಚಟ್ನಿ ಹಚ್ಕೊಂಡು ತಿನ್ನು. ಅರ್ಧ ಹೊಟ್ಟಿ ತುಂಬಿದಾಗ ನಿಲ್ಲಸು. ಅದ ಅರ್ಧ."

೨. ಅತ್ತೆಯ ಪಾಲು

ಬೆಳಿಗ್ಗೆ ಸೈಕಲ್ಲಿನವನು ಪೋಂ ಪೋಂ ಎಂದು ಹಾರ್ನ್ ಹೊಡೆಯುತ್ತ ಪಾವು ಬ್ರೆಡ್ಡು ತರುತ್ತಾನೆ. ಅವತ್ತು ಕಡೆಗೆ ಉಳಿದದ್ದು ಒಂದೇ ಪಾವು. ಮಗಳನ್ನು ಕೇಳಿದೆ: "ಅರ್ಧ ಬೇಕೋ, ಎಂಟರಾಗ ನಾಕು ಬೇಕೋ?"

"ಎಂಟರಾಗ ನಾಕು!" ಎಂದಳು. ಅರ್ಧಕ್ಕಿಂತ ಅದೇ ದೊಡ್ಡದು ಎಂದು ಅವಳ ಲೆಕ್ಕ. ನಾನು ಪಾವನ್ನು ಎಂಟು ತುಂಡು ಮಾಡಿ ನಾಲ್ಕು ಕೊಟ್ಟೆ. ಗೆದ್ದವಳಂತೆ ತಿಂದಳು.

ಮೂಲೆಯಲ್ಲಿ ಕೂತಿದ್ದ ಅತ್ತೆ ಇದನ್ನೆಲ್ಲ ನೋಡುತ್ತಿದ್ದರು. "ಹಡದ ಮಗಳಿಗೇ ಮೋಸ ಮಾಡ್ತಿ ಏನ?"

"ಮೋಸ ಎಲ್ಲೈತ್ರಿ ಅತ್ತಿ? ಅರ್ಧ ಅಂದ್ರೂ ಅಷ್ಟ, ಎಂಟರಾಗ ನಾಕು ಅಂದ್ರೂ ಅಷ್ಟ."

"ಹಂಗಾರ ನನಗೂ ಎಂಟರಾಗ ನಾಕು ಕೊಡು."

ಕೊಟ್ಟೆ. ನನ್ನ ಪಾಲಿಗೆ ಉಳಿದದ್ದು ಬರೀ ಚಹಾ.

೩. ಬೂಟು ಬಿಚ್ಚುತ್ತ ಹೇಳಿದ್ದು

ನಮ್ಮ ಮನೆಯವರು ಸಾಲಿಯ ಮೆಟ್ಟಿಲು ಹತ್ತಿದವರಲ್ಲ. ಹೊಸ ಕಟ್ಟಡಗಳಿಗೆ ಕಬ್ಬಿಣದ ಸರಳು ಕಟ್ಟುವ ಕೆಲಸ. ಸಂಜೆ ಬಂದಾಗ ಮಗಳು ಪುಸ್ತಕದ ಮೇಲೆ ಕಣ್ಣೀರು ಹಾಕುತ್ತಿದ್ದಳು, ಹೇಗೆ ತಿಳಿಸುವುದೆಂದು ತೋಚದೆ ನಾನು ಪೆನ್ಸಿಲ್ ಕಚ್ಚುತ್ತಿದ್ದೆ.

"ಏನ್ ಕೇಳ್ಯಾರ?" ಎಂದರು.

"ಎಂಟರಾಗ ನಾಕು ಅಂದ್ರ ಎರಡರಾಗ ಎಷ್ಟು ಅಂತ," ಎಂದಳು ಮಗಳು.

"ನಾಕ್ ಸೂತ್ ಅಲ್ಲೇನ? ಅರ್ಧ ಇಂಚು."

"ಎಂಟರಾಗ ಆರು?"

"ಆರ್ ಸೂತ್. ಮುಕ್ಕಾಲ್ ಇಂಚು."

ತಲೆ ಎತ್ತಲಿಲ್ಲ, ಬೂಟಿನ ದಾರ ಬಿಚ್ಚುತ್ತಲೇ ಹೇಳಿದರು. ಇಂಚಿನ ಎಂಟು ಭಾಗದಲ್ಲಿ ಒಂದು ಭಾಗಕ್ಕೆ ಅವರ ಕೆಲಸದಲ್ಲಿ ಸೂತ್ ಎನ್ನುತ್ತಾರೆ; ಸರಳಿನ ದಪ್ಪ ಅಳೆಯುವುದೇ ಸೂತಿನಲ್ಲಿ. ಆಮೇಲೆ ಅಳತೆಯ ಟೇಪು ಎಳೆದು ಗೀಟು ತೋರಿಸಿದರು. ಮಗಳ ಮುಖ ಅರಳಿತು. "ಹತ್ತನೇತ್ತ ಕಲ್ತಾಕಿ" ಎಂದು ಮದುವೆಯಾದಂದಿನಿಂದ ಅವರ ಮುಂದೆ ಮೆರೆದವಳು ನಾನು. ಅವತ್ತು ಕೇಳುವ ಮೊದಲೇ ಎದ್ದು ಚಹಾಕ್ಕಿಟ್ಟೆ, ಸಕ್ಕರೆ ಒಂದು ಚಮಚ ಹೆಚ್ಚು ಹಾಕಿ.

೪. ಕಡೆಯ ಬೆಂಚು

ಪರೀಕ್ಷೆಯಲ್ಲಿ ಮಗಳು ಕೇಕಿನ ಬದಲು ಟೇಪಿನ ಚಿತ್ರ ಬರೆದು, ಪ್ರತಿ ಉತ್ತರದ ಕೆಳಗೂ ಸೂತ್ ಸೂತ್ ಎಂದು ಬರೆದು ಬಂದಿದ್ದಳು. "ಪಾಲಕರು ಬಂದು ಕಾಣಬೇಕು" ಎಂದು ಚೀಟಿ ಬಂತು. ಬೆಂಚು ಕಾಯಂ ಆಯಿತೆಂದುಕೊಂಡೆ. ಮನೆಯವರಿಗೆ ರಜೆ ಹಾಕಿಸಿ, ದಾರಿಯುದ್ದಕ್ಕೂ ನಾಲಿಗೆ ಮಸೆಯುತ್ತ ಹೋದೆ.

ಅಕ್ಕೋರು ವರ್ಗದಲ್ಲೇ ನಮ್ಮನ್ನು ನಿಲ್ಲಿಸಿಕೊಂಡರು. "ಉತ್ತರ ಬರೋಬರಿ ಅದಾವ್ರೀ. ತಿಳದು ಬರದಾಳೋ, ಗಿಣಿ ಪಾಠೋ ನೋಡಬೇಕು. ಮೊದಲ ಹೇಳ್ರಿ, ಈ ಸೂತ್ ಅಂದ್ರ ಏನು?"

ನಮ್ಮ ಮನೆಯವರು ಕಿಸೆಯಿಂದ ಟೇಪು ತೆಗೆದು ಉದ್ದಕ್ಕೆ ಎಳೆದರು. ಅಲ್ಲಿ ಅರ್ಧ ಮಕ್ಕಳು ಗೋಡೆ ಕಟ್ಟುವ ಗೌಂಡಿಗಳ ಮಕ್ಕಳೇ. "ಎರಡ್ ಸೂತ್ ಅಂದ್ರ?" ಎಂದು ಇವರು ಕೇಳಿದರೆ, "ಕಾಲ್ ಇಂಚು!" ಎಂದು ಕೂಗಿದರು. ಕಡೆಯ ಬೆಂಚಿನ ಕೂಗೇ ಎಲ್ಲಕ್ಕಿಂತ ಜೋರು.

ಅಕ್ಕೋರು ನಕ್ಕು, "ಆತ್ರಿ. ಮೂರರಾಗ ಒಂದು ಅಂದ್ರ ಎಷ್ಟ್ ಸೂತ್?" ಎಂದರು.

ಮನೆಯವರು ಟೇಪನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಎಂಟು ಸೂತನ್ನು ಮೂರು ಸಮಪಾಲು ಮಾಡುವ ಗೀಟು ಎಲ್ಲೂ ಇರಲಿಲ್ಲ. "ಅಂಥಾ ಸರಳು ಬರಂಗಿಲ್ರೀ ಅಕ್ಕೋರ. ಯಾರರ ಮಾರಾಕ ಬಂದ್ರೂ ತಗೋಬ್ಯಾಡ್ರಿ."

ವರ್ಗವೆಲ್ಲ ನಕ್ಕಿತು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುವಷ್ಟರಲ್ಲಿ ಕಡೆಯ ಬೆಂಚಿನಿಂದ ಮಗಳು ಎದ್ದು ನಿಂತಳು.

"ಅಪ್ಪಾ, ಇಂಚು ಬಿಡು, ಫೂಟ್ ಹಿಡಿ. ಫೂಟಿಗೆ ಹನ್ನೆರಡು ಇಂಚು. ಹನ್ನೆರಡರಾಗ ನಾಕು ಅಂದ್ರ ಮೂರರಾಗ ಒಂದು!"

ಇದನ್ನು ನಾನು ಹೇಳಿಕೊಟ್ಟಿರಲಿಲ್ಲ, ಅವರಪ್ಪನೂ ಹೇಳಿಕೊಟ್ಟಿರಲಿಲ್ಲ. ಅಕ್ಕೋರು ಮೊದಲ ಬೆಂಚಿನವರನ್ನು ಸರಿಸಿ ಜಾಗ ಮಾಡಿ, "ಪಾಟಿಚೀಲ ತಗೊಂಡು ಮುಂದ ಬಾರವಾ," ಎಂದರು. ನನ್ನ ಮಗಳು ವಿಮಾನ ಹತ್ತುವವಳ ಗತ್ತಿನಲ್ಲಿ ನಡೆದು ಬಂದು ಮೊದಲ ಬೆಂಚಿನಲ್ಲಿ ಕೂತಳು. ಮಸೆದು ತಂದ ನಾಲಿಗೆ ನನ್ನ ಬಾಯಲ್ಲೇ ಉಳಿಯಿತು, ಕಣ್ಣು ಮಾತ್ರ ಒದ್ದೆಯಾಯಿತು.

ನಮ್ಮ ಮನೆಯವರು ಟೇಪು ಸುತ್ತಿ ಕಿಸೆಗೆ ಹಾಕಿಕೊಂಡರು. ಹೊರಡುತ್ತಾರೆ ಅಂದುಕೊಂಡೆ. ಅವರು ಕಡೆಯ ಬೆಂಚಿನ ಕಡೆ ಕೈ ತೋರಿಸಿ ಕೇಳಿದರು:

"ಅಕ್ಕೋರ, ಅಲ್ಲೊಂದು ಜಾಗಾ ಖಾಲಿ ಆತಲ್ರೀ. ನಾ ಕೂಡ್ಲೇನ್ರಿ?"